ರಾಜ್ಯಗಳಿಗೆ ಒಕ್ಕೂಟ ಬಿಟ್ಟು ಹೋಗುವ ನೈತಿಕ ಹಕ್ಕು ಇದೆಯಾ?

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಬದಿಗಿಟ್ಟು, ನೈತಿಕವಾಗಿ ಈ ಹಕ್ಕು ಇದೆಯಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ರಾಜ್ಯಕ್ಕೆ ಇಲ್ಲ. ಅಲ್ಲಿನ ಜನರಿಗೆ ಇರಬಹುದು, ಅದೂ ಯಾವಾಗಲೂ ಅಲ್ಲ.

"ನಾವೇ ಇಷ್ಟಪಟ್ಟು ಸೇರಿದ್ದು, ಬೇಡ ಅನ್ನಿಸಿದಾಗ ಹೊರಡುತ್ತೇವೆ" ಅನ್ನುವ ವಾದ ಕೇಳಲು ಚೆನ್ನಾಗಿದೆ. ಆದರೆ ಈ "ನಾವು" ಯಾರು? 1860ರಲ್ಲಿ ಅಮೆರಿಕದ ಒಕ್ಕೂಟದಿಂದ ಮೊದಲು ಹೊರಬಿದ್ದದ್ದು ದಕ್ಷಿಣ ಕೆರೊಲಿನಾ. ಅಲ್ಲಿದ್ದ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಗುಲಾಮರು. ಅವರನ್ನು ಯಾರೂ ಕೇಳಲಿಲ್ಲ, ಕೇಳುವುದಾದರೂ ಹೇಗೆ, ಹೊರಟಿದ್ದೇ ಅವರನ್ನು ಗುಲಾಮರಾಗಿ ಉಳಿಸಿಕೊಳ್ಳಲು. (ಆಮೇಲೆ ನಡೆದ ಅಮೆರಿಕದ ಅಂತರ್ಯುದ್ಧ ಬರೀ ರಾಜ್ಯಗಳ ಹಕ್ಕಿಗಾಗಿ ಅನ್ನುವವರು, ಹಾಗೆಯೇ ಹೊರಬಿದ್ದ ಮಿಸಿಸಿಪಿ ರಾಜ್ಯ ಹೊರಡಿಸಿದ ಘೋಷಣೆಯನ್ನು ಒಮ್ಮೆ ಓದಲಿ, ಶುರುವಿನಲ್ಲೇ ಗುಲಾಮಗಿರಿಯ ಮಾತು ಬರುತ್ತದೆ.) ವರ್ಜೀನಿಯಾ ಒಕ್ಕೂಟ ಬಿಟ್ಟಾಗ ಅದರ ಪಶ್ಚಿಮ ಭಾಗದವರು ವರ್ಜೀನಿಯಾವನ್ನೇ ಬಿಟ್ಟರು. 1863ರಲ್ಲಿ ಪಶ್ಚಿಮ ವರ್ಜೀನಿಯಾ ಬೇರೆ ರಾಜ್ಯವಾಯಿತು.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲೂ ಇದೇ ತಕರಾರು. 1995ರ ಜನಮತದಲ್ಲಿ ಪ್ರತ್ಯೇಕತೆ ಬೇಡ ಅಂದವರು ಶೇ. 50.6, ಬೇಕು ಅಂದವರು ಶೇ. 49.4. ಅದಕ್ಕೆ ಕೆಲವೇ ದಿನ ಮುಂಚೆ, ಕ್ವಿಬೆಕ್‌ನ ಉತ್ತರದಲ್ಲಿರುವ ಕ್ರೀ ಮೂಲನಿವಾಸಿಗಳು ತಾವೇ ಮತದಾನ ನಡೆಸಿ, ನಮ್ಮನ್ನೂ ನಮ್ಮ ನೆಲವನ್ನೂ ಕೆನಡಾದಿಂದ ಬೇರೆ ಮಾಡಬೇಡಿ ಅಂತ ಶೇ. 96ರಷ್ಟು ಮತ ಹಾಕಿದ್ದರು. ಕ್ವಿಬೆಕ್‌ಗೆ ಕೆನಡಾ ಬಿಡುವ ಹಕ್ಕಿದ್ದರೆ ಕ್ರೀ ಜನರಿಗೆ ಕ್ವಿಬೆಕ್ ಬಿಡುವ ಹಕ್ಕು ಯಾಕಿಲ್ಲ? ಇದಕ್ಕೆ ನೆಟ್ಟಗೆ ಉತ್ತರ ಕೊಡದವರ ನೈತಿಕತೆಯ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಹಾಗಂತ ಒಕ್ಕೂಟವೇನೂ ಪವಿತ್ರವಲ್ಲ. 1970ರ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ ಅವಾಮಿ ಲೀಗ್‌ಗೆ ಇಡೀ ಪಾಕಿಸ್ತಾನದ ಸಂಸತ್ತಿನಲ್ಲೇ ಬಹುಮತ ಬಂತು. ಆಗಿನ ಸೇನಾ ಆಡಳಿತಗಾರರು ಅಧಿಕಾರ ಕೊಡಲಿಲ್ಲ, 1971ರ ಮಾರ್ಚ್‌ನಲ್ಲಿ ತಮ್ಮದೇ ಜನರ ಮೇಲೆ ಸೈನ್ಯ ಬಿಟ್ಟರು. ಇನ್ನೂ ಜೊತೆಗಿರಿ ಅಂತ ಯಾವ ಬಾಯಲ್ಲಿ ಹೇಳುವುದು? ಆದರೆ "ನಾವು ತೆರಿಗೆ ಜಾಸ್ತಿ ಕೊಡುತ್ತೇವೆ, ವಾಪಸ್ ಬರುವುದು ಕಡಿಮೆ" ಅನ್ನುವುದು ಜಗಳ ಆಡಲು ಒಳ್ಳೆಯ ಕಾರಣ, ಬಿಟ್ಟು ಹೋಗಲು ಸಾಲದು.

ಈ ಎರಡರ ನಡುವೆ ಇರುವವರು ಏನು ಮಾಡಬೇಕು? 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು ನನಗೆ ಒಪ್ಪಿಗೆ. ಒಂದು ಪ್ರಾಂತ್ಯ ಏಕಪಕ್ಷೀಯವಾಗಿ ಹೊರಡುವಂತಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು. ಸ್ಪಷ್ಟ ಬಹುಮತ ಅಂದರೆ ಎಷ್ಟು ಅಂತ ಮಾತ್ರ ಕೋರ್ಟ್ ಹೇಳಲಿಲ್ಲ. ಸೇಂಟ್ ಕಿಟ್ಸ್ ಮತ್ತು ನೆವಿಸ್ ದೇಶದ ಸಂವಿಧಾನದಲ್ಲಿ ಅದೂ ಇದೆ: ನೆವಿಸ್ ದ್ವೀಪ ಬೇರೆಯಾಗಬೇಕಾದರೆ ಮೂರನೇ ಎರಡರಷ್ಟು ಮತ ಬೇಕು. ಅದೇ 1998ರಲ್ಲಿ ಬೇರೆಯಾಗೋಣ ಅಂದವರು ಸುಮಾರು ಶೇ. 62, ಹಾಗಾಗಿ ದ್ವೀಪ ಒಕ್ಕೂಟದಲ್ಲೇ ಉಳಿಯಿತು. 62 ಅಂದರೆ ಕಡಿಮೆಯೇನಲ್ಲ, ಅವರಿಗೆ ಅನ್ಯಾಯ ಆಯಿತು ಅಂತ ನೀವು ವಾದ ಮಾಡಬಹುದು. ಆದರೆ ಅವರು ಇನ್ನೊಮ್ಮೆ ಮತಕ್ಕೆ ಹಾಕಬಹುದು, ಅಲ್ವಾ? ಬೇರೆಯಾಗಿಬಿಟ್ಟಿದ್ದರೆ, ಬೇಡ ಅಂದ ಉಳಿದ 38ಕ್ಕೆ ಅಂಥ ಎರಡನೇ ಅವಕಾಶ ಸಿಗುತ್ತಿರಲಿಲ್ಲ.