ವಸ್ತುಸಂಗ್ರಹಾಲಯ ಶಿಕ್ಷಣ ಸಂಘದ ಆಡಳಿತ ಮಂಡಳಿಗೆ ಸೇರುವ ಮುನ್ನ ಏನನ್ನು ತಿಳಿದಿರಬೇಕು?

ನೀವು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದೀರಿ. ಮಕ್ಕಳನ್ನು ವಸ್ತುಸಂಗ್ರಹಾಲಯಗಳಿಗೆ ಕರೆದೊಯ್ದು ಕಲಿಸುವ ಬೆಂಗಳೂರಿನ ಸಣ್ಣ ಸಂಘವೊಂದು ತನ್ನ ಆಡಳಿತ ಮಂಡಳಿಗೆ ನಿಮ್ಮನ್ನು ಕರೆದಿದೆ. ಸಂಬಳವಿಲ್ಲದ ಈ ಹೊಣೆಯಲ್ಲಿ ನಿಜವಾಗಿ ಮಾಡುವ ಕೆಲಸವೇನು, ಒಪ್ಪಿಕೊಳ್ಳುವ ಮೊದಲು ಏನನ್ನು ನೋಡಬೇಕು ಎಂದು ಕೇಳಿದ್ದೀರಿ. ಇಂಥದೇ ಒಂದು ಸಂಘದ ಕಾರ್ಯಕಾರಿ ಸಮಿತಿಯಲ್ಲಿ, ಅಂದರೆ ಅದರ ಆಡಳಿತ ಮಂಡಳಿಯಲ್ಲೇ, ಕೆಲವು ವರ್ಷ ಸದಸ್ಯನಾಗಿ, ಆಮೇಲೆ ಖಜಾಂಚಿಯಾಗಿ ಇದ್ದವನು ನಾನು. ಒಪ್ಪಿಕೊಳ್ಳಿ ಎಂದೇ ನನ್ನ ಸಲಹೆ. ಆದರೆ ಶಿಲ್ಪದ ಮುಂದೆ ಮಕ್ಕಳೊಡನೆ ನಿಂತು ಪಾಠ ಹೇಳುವ ಆಸೆಯೊಂದೇ ನಿಮ್ಮನ್ನು ಅಲ್ಲಿಗೆ ಸೆಳೆಯುತ್ತಿದ್ದರೆ, ಆ ಆಸೆ ಈಡೇರುವ ಜಾಗ ಮಂಡಳಿಯಲ್ಲ.

ಮಂಡಳಿಯ ಕೆಲಸ ಏನೆಂಬುದಕ್ಕೆ ಕಸ್ತೂರಬಾ ರಸ್ತೆಯನ್ನೇ ನೋಡಿ. 1865ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯ ರಾಜ್ಯದ ಪುರಾತತ್ವ ಇಲಾಖೆಯ ಆಡಳಿತದಲ್ಲಿದೆ. ಅದೇ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಕೇಂದ್ರ ಸಂಸ್ಕೃತಿ ಸಚಿವಾಲಯದ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತಿಗೆ ಸೇರಿದ್ದು. 2023ರಲ್ಲಿ ಅದೇ ರಸ್ತೆಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ ಖಾಸಗಿಯದು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಕೇಂದ್ರ ಸರ್ಕಾರದ್ದೇ ಆದರೂ ಅದರ ಆಡಳಿತ ಬೇರೆ. ಇವುಗಳಲ್ಲಿ ಎರಡು ಕಡೆ ಒಂದೇ ದಿನ ಮಕ್ಕಳನ್ನು ಕರೆದೊಯ್ಯಬೇಕೆಂದರೆ ಎರಡು ಕಚೇರಿಗಳಿಗೆ ಎರಡು ಬಗೆಯ ಪತ್ರ ಬರೆಯಬೇಕು. ಅದರ ಮೇಲೆ ಶಾಲೆಯ ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ವ್ಯವಸ್ಥೆ. ಪೋರ್ಷನ್ ಮುಗಿಸುವ ಒತ್ತಡದಲ್ಲಿರುವ ಶಿಕ್ಷಕರು ಇದನ್ನೆಲ್ಲ ಒಬ್ಬರೇ ಮಾಡುವುದು ಕಷ್ಟ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸಂಘ ಇರುವುದೇ ಈ ನಡುವಿನ ಓಡಾಟಕ್ಕಾಗಿ. ಆ ಓಡಾಟ ನಿಲ್ಲದಂತೆ ಹಣ, ಕಾಗದಪತ್ರ ಮತ್ತು ಹೆಸರನ್ನು ಕಾಪಾಡುವುದು ಮಂಡಳಿಯ ಪಾಲು.

ಏನು ಮಾಡಬಾರದು ಎಂಬುದೂ ಇಲ್ಲಿ ಮುಖ್ಯ. ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರು ಶಾಸನವನ್ನೇ ತೆಗೆದುಕೊಳ್ಳಿ. ಸುಮಾರು ಕ್ರಿ.ಶ. 949ರ ಈ ಕಲ್ಲಿನಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ, ಗಂಗರ ದೊರೆ ಬೂತುಗ, ತಕ್ಕೋಲದ ಯುದ್ಧದಲ್ಲಿ ಚೋಳರ ಸೋಲು ಎಲ್ಲವೂ ಇವೆ. ಜೊತೆಗೆ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಕಥೆಯೂ ಇದೆ, ಆ ಕಾದಾಟದ ಕೆತ್ತನೆಯೂ ಇದೆ. ಮಕ್ಕಳಿಗಾಗಿ ಚಟುವಟಿಕೆ ಹಾಳೆ ಸಿದ್ಧಪಡಿಸುವಾಗ ನಾಯಿಯಿಂದ ಆರಂಭಿಸಬೇಕೋ ರಾಜವಂಶದಿಂದಲೋ ಎಂದು ನಮ್ಮ ಸಮಿತಿಯಲ್ಲಿ ಸಂಜೆಯಿಡೀ ವಾದ ನಡೆದದ್ದುಂಟು. ನನ್ನ ಒಲವು ನಾಯಿಯ ಕಡೆಗೇ ಇತ್ತು, ಈಗಲೂ ಇದೆ. ಆರನೆಯ ತರಗತಿಯ ಮಗು ಆ ಕೆತ್ತನೆಯ ಮುಂದೆ ನಿಂತು, ನಾಯಿಗೇಕೆ ಕಲ್ಲು ನಿಲ್ಲಿಸಿದರು ಎಂದು ತಾನಾಗಿ ಕೇಳಿದ ಮೇಲೆ ಬೂತುಗನೂ ತಕ್ಕೋಲವೂ ಬಲವಂತವಿಲ್ಲದೆ ಬರುತ್ತವೆ. ಆದರೂ ಅದು ಸಮಿತಿ ತೀರ್ಮಾನಿಸಬೇಕಾದ ವಿಷಯವೇ ಆಗಿರಲಿಲ್ಲ. ಹಾಳೆಯಲ್ಲಿ ಏನಿರಬೇಕೆಂಬುದು ಮಕ್ಕಳೊಡನೆ ಕೆಲಸ ಮಾಡುವ ಬೋಧಕರಿಗೆ ಬಿಟ್ಟದ್ದು. ಮುದ್ರಣಕ್ಕೆ ಎಷ್ಟು ಹಣ, ಯಾವ ಶಾಲೆಗಳಿಗೆ ಮೊದಲು, ಯಾವ ಭಾಷೆಗಳಲ್ಲಿ ಎಂಬುದು ಸಮಿತಿಯದು. ಬೋಧನೆಯ ಅನುಭವವಿರುವ ಸದಸ್ಯರೇ ಈ ಗೆರೆಯನ್ನು ಹೆಚ್ಚು ದಾಟುತ್ತಾರೆ. ನೀವು ಶಿಕ್ಷಕರಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಭಾಷೆಯ ತೀರ್ಮಾನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೇಣಿಗೆ ಕೊಡುವ ಕಂಪನಿಗಳು ಇಂಗ್ಲಿಷ್ ವರದಿಯನ್ನು, ಇಂಗ್ಲಿಷ್ ಹಾಳೆಯನ್ನು ಕೇಳುತ್ತವೆ; ಕ್ರಮೇಣ ಕಾರ್ಯಕ್ರಮಗಳು ಶುಲ್ಕ ಕೊಡಬಲ್ಲ ಆಂಗ್ಲ ಮಾಧ್ಯಮ ಶಾಲೆಗಳ ಕಡೆಗೆ ವಾಲುತ್ತವೆ. ಇದು ಯಾರ ದುರುದ್ದೇಶವೂ ಅಲ್ಲ, ಹಣ ಬರುವ ದಾರಿಯೇ ಹಾಗಿದೆ. ನಗರದ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆಗೆ ಉರ್ದು, ತಮಿಳು ಮಾಧ್ಯಮದ ಮಕ್ಕಳೂ ಇದ್ದಾರೆ. ಅವರಿಗಾಗಿ ಆಯವ್ಯಯದಲ್ಲಿ ಒಂದು ಪಾಲನ್ನು ವರ್ಷಾರಂಭದಲ್ಲೇ ಎತ್ತಿಡದಿದ್ದರೆ, ಉಳಿದರೆ ನೋಡೋಣ ಎಂಬ ಮಾತು ಬರುತ್ತದೆ, ಮತ್ತು ಉಳಿಯುವುದೇ ಇಲ್ಲ. ಮಂಡಳಿಯಲ್ಲಿ ಕುಳಿತು ನೀವು ಒಂದೇ ವಿಷಯಕ್ಕೆ ಹಟ ಹಿಡಿಯುವುದಾದರೆ ಇದಕ್ಕೆ ಹಿಡಿಯಿರಿ.

ಇನ್ನು ಕಾನೂನಿನ ಮಾತು. ಇಂಥ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಣಿಯಾಗಿರುತ್ತವೆ. ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಕಟ್ಟಿದ್ದನ್ನು ಉಳಿಸಿಕೊಳ್ಳುವುದೇ ಕಷ್ಟ. ವಾರ್ಷಿಕ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಪ್ರತಿ ವರ್ಷ ಸಲ್ಲಿಸಬೇಕು. ಇದನ್ನು ಕೆಲವು ವರ್ಷ ಬಿಟ್ಟುಬಿಟ್ಟ ಸಂಘಗಳು, ಬ್ಯಾಂಕ್ ಖಾತೆಯ ಸಹಿದಾರರನ್ನು ಬದಲಿಸಲು ಹೋದಾಗ ಹೊಸ ಪದಾಧಿಕಾರಿಗಳ ಬಗ್ಗೆ ದಾಖಲೆಯಿಲ್ಲದೆ ಸಿಕ್ಕಿಕೊಳ್ಳುತ್ತವೆ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಆದಾಯ ತೆರಿಗೆ ಕಾನೂನಿನಡಿ ಸಂಘಕ್ಕೆ ಬೇರೆಯೇ ಅನುಮೋದನೆ ಇರಬೇಕು, ಅದು ನವೀಕರಣಗೊಳ್ಳುತ್ತಿರಬೇಕು. ಅಮೆರಿಕದಲ್ಲಿರುವ ಹಳೆಯ ಸದಸ್ಯರ ಪರಿಚಯದವರು ಯಾರೋ ಡಾಲರ್ ಕಳಿಸುತ್ತಾರಂತೆ ಎಂಬ ಸಂತೋಷದ ಸುದ್ದಿ ಬಂದರೆ ಮೊದಲು ಲೆಕ್ಕಪರಿಶೋಧಕರನ್ನು ಕೇಳಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ಪ್ರಕಾರ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ವಿದೇಶಿ ದೇಣಿಗೆ ಸ್ವೀಕರಿಸುವಂತಿಲ್ಲ.

ಮಕ್ಕಳ ಸುರಕ್ಷತೆಯ ಬಗ್ಗೆ ಸಂಘದಲ್ಲಿ ಲಿಖಿತ ನಿಯಮಗಳಿವೆಯೇ ಎಂದು ಕೇಳಿ ನೋಡಿ. ವಯಸ್ಕ ಸ್ವಯಂಸೇವಕರೊಬ್ಬರೇ ಮಗುವೊಂದರ ಜೊತೆ ಇರಬಾರದು, ಮಕ್ಕಳ ಫೋಟೊಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಹಂಚಬಾರದು ಎಂಬಂಥ ಸರಳ ನಿಯಮಗಳೇ ಸಾಕು, ಆದರೆ ಅವು ಕಾಗದದ ಮೇಲಿರಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಸಮಿತಿಯೊಳಗೇ ಮಾತಾಡಿ ಮುಗಿಸುವ ಆಯ್ಕೆ ಅಲ್ಲಿಲ್ಲ.

ಸಮಯದ ಬಗ್ಗೆ ಹೇಳುವುದಾದರೆ, ಸಭೆಗಳಿಗಿಂತ ಸಭೆಗಳ ನಡುವಿನ ಕೆಲಸವೇ ಹೆಚ್ಚು. ಶಾಲಾ ಪ್ರವಾಸಗಳು ದಸರಾ ರಜೆಯ ನಂತರ, ನವೆಂಬರ್‌ನಿಂದ ಜನವರಿಯವರೆಗೆ ಒತ್ತರಿಸಿಕೊಂಡು ಬರುವುದರಿಂದ ಆ ತಿಂಗಳುಗಳಲ್ಲಿ ಫೋನು ಬಿಡುವು ಕೊಡುವುದಿಲ್ಲ. ನಡಾವಳಿ ಬರೆಯುವವರು ಯಾರೂ ಇಲ್ಲದ ಸಮಿತಿಗಳೇ ನಮ್ಮಲ್ಲಿ ಹೆಚ್ಚು. ಭಾಷಣ ಮಾಡುವವರಿಗೆ ಎಂದೂ ಬರವಿಲ್ಲ. ಬ್ರಿಟನ್ನಿನಲ್ಲಿ 1948ರಷ್ಟು ಹಿಂದೆಯೇ ವಸ್ತುಸಂಗ್ರಹಾಲಯ ಬೋಧಕರು ತಮ್ಮದೇ ಸಂಘಟನೆ ಕಟ್ಟಿಕೊಂಡರು, ಅಲ್ಲಿ ಅದೊಂದು ವೃತ್ತಿ. ನಮ್ಮ ಸಮಿತಿಗಳಲ್ಲಿ ನಿವೃತ್ತ ಕ್ಯುರೇಟರ್, ಕಲಾವಿದರು, ಸಾಫ್ಟ್‌ವೇರ್‌ನವರು ಎಲ್ಲರೂ ಸಿಗುತ್ತಾರೆ, ತರಗತಿಯ ವೇಳಾಪಟ್ಟಿ ಗೊತ್ತಿರುವವರು ಸಿಗುವುದು ಅಪರೂಪ. ಅರ್ಧವಾರ್ಷಿಕ ಪರೀಕ್ಷೆಯ ವಾರದಲ್ಲಿ ಕಾರ್ಯಕ್ರಮ ಇಡಬೇಡಿ ಎಂದು ಹೇಳಬಲ್ಲ ಒಬ್ಬರಿದ್ದರೂ ಎಷ್ಟೋ ಹಣ ಉಳಿಯುತ್ತದೆ.

ಒಪ್ಪಿಗೆ ಕೊಡುವ ಮೊದಲು ಕಾರ್ಯದರ್ಶಿಯವರಿಂದ ಸಂಘದ ಬೈಲಾ, ಕಳೆದ ಮೂರು ವರ್ಷಗಳ ಪರಿಶೋಧಿತ ಲೆಕ್ಕ ಮತ್ತು ಇತ್ತೀಚಿನ ಸಭೆಗಳ ನಡಾವಳಿಯನ್ನು ಕೇಳಿ ಪಡೆದು ಓದಿ. ಮುದ್ರಣ ಅಥವಾ ಬಸ್ಸಿನ ಗುತ್ತಿಗೆ ಪದಾಧಿಕಾರಿಗಳ ನೆಂಟರಿಗೇ ಹೋಗುತ್ತಿದೆಯೇ, ಅವಧಿ ಮುಗಿದವರು ನಿಜವಾಗಿ ಇಳಿಯುತ್ತಾರೆಯೇ ಎಂಬುದು ಆ ಕಾಗದಗಳಲ್ಲೇ ಕಾಣುತ್ತದೆ. ಕೊಡಲು ಹಿಂಜರಿದರೆ ಮಂಡಳಿ ಬೇಡ ಎಂದು ವಿನಯದಿಂದ ಹೇಳಿ, ಬೇಕಿದ್ದರೆ ಬೋಧಕ ಸ್ವಯಂಸೇವಕರಾಗಿ ಸೇರಿಕೊಳ್ಳಿ. ಕೊಟ್ಟರೆ, ಶಾಲೆಗಳು ಜೂನ್‌ನಲ್ಲಿ ತಮ್ಮ ವರ್ಷದ ಯೋಜನೆ ಹಾಕಿಕೊಳ್ಳುವ ಮೊದಲೇ ಸೇರುವುದು ಒಳ್ಳೆಯದು. ಆಗ ಆ ವರ್ಷದ ಆಯವ್ಯಯದ ಚರ್ಚೆಯಲ್ಲಿ ನಿಮ್ಮ ಮಾತಿಗೂ ಜಾಗವಿರುತ್ತದೆ.