ಚೋಮ ಕೇಳಿದ್ದು ಒಂದು ತುಂಡು ಗದ್ದೆ

ಪುತ್ತೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಚೋಮನ ದುಡಿ' ಸಿನಿಮಾ ಮತ್ತೆ ನೋಡಿದೆ, ಚೋಮನ ಮಗ ಗುರುವ ಕ್ರಿಶ್ಚಿಯನ್ ಹುಡುಗೀನ ಮದುವೆಯಾಗಿ ಮತ ಬಿಟ್ಟಿದ್ದಕ್ಕೇ ಆ ಸಂಸಾರ ಹಾಳಾಯ್ತು, ಇದು ಮತಾಂತರದ ಸಿನಿಮಾ ಅಂತ ನೀವ್ಯಾಕೆ ಬರೆಯಲ್ಲ?

ಮಗ ಕೈಬಿಟ್ಟು ಹೋದ್ರೆ ಅಪ್ಪನ ಕರುಳು ಕಿತ್ತು ಬರುತ್ತೆ, ಒಪ್ಪಿದೆ. ಆದ್ರೆ ಸ್ವಾಮಿ, ಆ ಹುಡುಗ ಅಷ್ಟು ದೂರದ ಕಾಫಿ ತೋಟಕ್ಕೆ ಹೋಗಿದ್ದಾದ್ರೂ ಯಾಕೆ? ಅಪ್ಪನ ಸಾಲ ತೀರಿಸೋಕೆ. ಜೊತೆಗೆ ಹೋದ ಅಣ್ಣ ಕಾಯಿಲೆ ಬಿದ್ದು ಸತ್ತ, ಆಮೇಲೆ ಅದೇ ಸಾಲಕ್ಕೆ ತಂಗಿ ಬೆಳ್ಳಿ ಹೋದ್ಲು, ಅವಳ ಮಾನಾನೇ ಬಡ್ಡಿ ಆಯ್ತು. ಇದ್ಯಾವುದೂ ನಿಮ್ಮ ಪತ್ರದಲ್ಲಿ ಇಲ್ವಲ್ಲ!

ಚೋಮನ ಹತ್ರ ಎರಡು ಎತ್ತಿದ್ವು, ಕಾಡಲ್ಲಿ ಸಿಕ್ಕಿದ್ದು, ಮಕ್ಕಳ ಥರ ಸಾಕಿದ್ದ, ಆದ್ರೆ ಹೂಡೋಕೆ ಗೇಣು ನೆಲ ಇಲ್ಲ, ಯಾಕಂದ್ರೆ ಅವನ ಜಾತಿಯವರು ಬೇಸಾಯ ಮಾಡಬಾರದು ಅಂತ ಊರಿನ ಕಟ್ಟು. ಪಾದ್ರಿಗಳು ನಮ್ಮ ಮತಕ್ಕೆ ಬಾ, ಜಮೀನು ಕೊಡ್ತೀವಿ ಅಂದ್ರೂ ಹೋಗಲಿಲ್ಲ. ಕಿರಿಮಗ ನೀರಲ್ಲಿ ಮುಳುಗ್ತಿದ್ರೆ ಮುಟ್ಟಿದ್ರೆ ಮೈಲಿಗೆ ಅಂತ ದಡದಲ್ಲಿದ್ದವರು ಸುಮ್ನೆ ನಿಂತ್ರು ನೋಡಿ, ಮತ ಬಿಡೋಣ ಅಂತ ಚೋಮ ಹೊರಟಿದ್ದು ಆಮೇಲೆ, ಅವತ್ತೂ ನಂಬಿದ ದೈವವನ್ನ ಬಿಡಲಾರದೆ ವಾಪಸ್ ಬಂದ. ನಂಬಿಕೆ ಉಳಿಸಿಕೊಂಡವನಿಗೆ ಅವನದೇ ಮತದವರು ಏನು ಕೊಟ್ರು ಅಂತ ನೀವು ಕೇಳಬೇಕಿತ್ತು.

ನಾನು ಮೊದಲು ಇದನ್ನ ನೋಡಿದ್ದು ಅಜ್ಜಿ ಜೊತೆ, ಟೆಂಟ್ ಸಿನಿಮಾದಲ್ಲಿ. ಗುಬ್ಬಿ ನಾಟಕ ಕಂಪನಿಯಲ್ಲಿ ಪಳಗಿದ ಎಂ.ವಿ. ವಾಸುದೇವರಾವ್ ಚೋಮ ಆಗಿ ಧಣಿ ಮುಂದೆ ಬೆನ್ನು ಬಗ್ಗಿಸಿ ನಿಂತಾಗ ಮಡಿ ಬಿಡದ ನಮ್ಮಜ್ಜಿ ಸೆರಗಲ್ಲಿ ಮೂಗು ಒರೆಸ್ಕೊಂಡು, 'ಒಂದು ಮೂಲೆ ಗದ್ದೆ ಕೊಟ್ಟಿದ್ರೆ ಇವ್ರ ಗಂಟೇನು ಹೋಗ್ತಿತ್ತು' ಅಂದ್ರು. ಶಿವರಾಮ ಕಾರಂತರು 1933ರಲ್ಲಿ ಕಾದಂಬರಿ ಬರೆದ್ರು, ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದ್ರು, ರಾಷ್ಟ್ರಪತಿ ಸ್ವರ್ಣ ಕಮಲ ಬಂತು, ವಾಸುದೇವರಾಯರಿಗೂ ಶ್ರೇಷ್ಠ ನಟ ಪ್ರಶಸ್ತಿ ಬಂತು. ಬಂದು ಏನಾಯ್ತು ಹೇಳಿ.

ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ, 1974ರಲ್ಲಿ, ಉಳುವವನೇ ಹೊಲದೊಡೆಯ ಅಂತ ಕಾನೂನು ಜಾರಿಯಾಯ್ತು, ದೊಡ್ಡ ಕೆಲಸಾನೇ ಅದು, ಗೇಣಿದಾರರ ಮನೆ ಬೆಳಗಿತು. ಆದ್ರೆ ಚೋಮ ಗೇಣಿದಾರ ಅಲ್ಲ, ಅವನು ಮೂಲದ ಆಳು, ಅಂದ್ರೆ ಧಣಿ ಮನೆಗೆ ಕಟ್ಟುಬಿದ್ದ ಜೀತದವನು. ಉಳೋಕೇ ಬಿಡದವನು ಉಳುವವನು ಅಂತ ಅರ್ಜಿ ಹೆಂಗೆ ಹಾಕ್ತಾನೆ? ಯಾರು ಯಾವ ಮತಕ್ಕೆ ಹೋದ್ರು ಅಂತ ಲೆಕ್ಕ ಇಡೋಕೆ ನಮಗೆ ಎಷ್ಟು ಉತ್ಸಾಹ, ಯಾರಿಗೆ ಎಷ್ಟು ಗುಂಟೆ ಸಿಕ್ತು ಅಂತ ಕೇಳೋರು ಮಾತ್ರ ಇಲ್ಲ, ಇದೇ ನನಗೆ ಸಂಕಟ.

ನಿಮಗೆ ಸಿನಿಮಾ ಪ್ರೀತಿ ಇದೆ, ಅದಕ್ಕೇ ಇಷ್ಟುದ್ದ ಬರೆದೆ. ಇನ್ನೊಂದ್ಸಲ ಕೊನೆ ಭಾಗ ಮಾತ್ರ ನೋಡಿ, ಚೋಮ ಯಾರನ್ನೂ ಕೇಳದೆ ನೇಗಿಲು ಹೂಡ್ತಾನೆ, ಆಮೇಲೆ ಎತ್ತುಗಳನ್ನ ಕಾಡಿಗೆ ಅಟ್ಟಿ, ಬಾಗಿಲು ಹಾಕ್ಕೊಂಡು, ಜೀವ ಹೋಗೋವರೆಗೂ ದುಡಿ ಬಾರಿಸ್ತಾನೆ.