ಅಜ್ಜನ ಎಚ್‌ಎಂಟಿ ವಾಚು ದಿನಕ್ಕೆ 10 ನಿಮಿಷ ಮುಂದೆ ಓಡುತ್ತಿದೆ, ಮೆಷಿನ್ ಬದಲಾಯಿಸಲೇ?

ಅಜ್ಜನ ಕೀ ಕೊಡುವ ಜನತಾ ವಾಚು ಎರಡು ವರ್ಷ ಸರಿಯಾಗಿಯೇ ಇತ್ತು, ಈಗ ಇದ್ದಕ್ಕಿದ್ದಂತೆ ದಿನಕ್ಕೆ 10 ನಿಮಿಷ ಮುಂದೆ ಹೋಗುತ್ತಿದೆ, ಅಂಗಡಿಯವರು ಒಳಗಿನ ಮೆಷಿನ್ನೇ ಬದಲಾಯಿಸಿ ಅಂದರು ಎಂದು ಕೇಳಿದ್ದೀರಿ.

ದಯವಿಟ್ಟು ಬದಲಾಯಿಸಬೇಡಿ. ಒಂದು ವಾರ ತಡೆಯಿರಿ. ವಾಚು ಹಿಂದೆ ಬೀಳುತ್ತಿದ್ದರೆ ಎಣ್ಣೆ ಒಣಗಿದೆ, ಸರ್ವೀಸ್ ಮಾಡಿಸಿ ಅನ್ನುತ್ತಿದ್ದೆ. ನಿಮ್ಮದು ಮುಂದೆ ಓಡುತ್ತಿದೆ, ಅದೂ ಏಕಾಏಕಿ. ಇದಕ್ಕೆ ಬಹಳ ಸಲ ಕಾರಣ ಅಯಸ್ಕಾಂತ.

ನಮ್ಮಪ್ಪನ ಜನತಾಕ್ಕೂ ಹೀಗೇ ಆಗಿತ್ತು. ನಾನು ಮೊದಲು ಹೋದ ಅಂಗಡಿಯಲ್ಲಿ ಹಿಂದಿನ ಮುಚ್ಚಳ ತೆಗೆದು, ವಾಚಿನ ವೇಗ ಹೊಂದಿಸುವ ಸಣ್ಣ ಕಡ್ಡಿಯೊಂದನ್ನು ನಿಧಾನದ ಕಡೆಗೆ ತಳ್ಳಿ ಕೊಟ್ಟರು. ನಾಲ್ಕು ದಿನ ಪರವಾಗಿಲ್ಲ ಅನಿಸಿತು, ಆಮೇಲೆ ಮತ್ತೆ ಅದೇ ಓಟ. ಎರಡನೆಯ ಅಂಗಡಿಯಲ್ಲಿದ್ದ ಹಿರಿಯರು ವಾಚನ್ನು ಬಿಚ್ಚಲೇ ಇಲ್ಲ. ಮೇಜಿನ ಖಾನೆಯಿಂದ ಗುಂಡಿಯಷ್ಟು ಚಿಕ್ಕ ದಿಕ್ಸೂಚಿ ತೆಗೆದು ವಾಚಿನ ಗಾಜಿನ ಮೇಲಿಟ್ಟರು. ಉತ್ತರಕ್ಕೆ ನಿಂತಿದ್ದ ಮುಳ್ಳು ಸರಕ್ಕನೆ ಪಕ್ಕಕ್ಕೆ ತಿರುಗಿತು. ವಾಚನ್ನು ಸ್ವಲ್ಪ ತಿರುಗಿಸಿದರೆ ಮುಳ್ಳೂ ಅದರ ಹಿಂದೆಯೇ ಬಂತು. "ರಾತ್ರಿ ಇದನ್ನ ಎಲ್ಲಿಡ್ತೀರಪ್ಪ?" ಎಂದು ಕೇಳಿದರು. ಬ್ಲೂಟೂತ್ ಸ್ಪೀಕರ್ ಮೇಲೆ ಇಡುತ್ತಿದ್ದೆ. ಎಲ್ಲ ಸ್ಪೀಕರ್ ಒಳಗೂ ಅಯಸ್ಕಾಂತ ಇರುತ್ತದೆ ಅಲ್ವಾ?

ಒಳಗೆ ಆಗುವುದು ಇಷ್ಟು. ಜನತಾ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಆ ಕಡೆ ಈ ಕಡೆ ತೂಗುತ್ತದೆ. ಅದನ್ನು ಹಿಡಿದಿರುವುದು ಕೂದಲಿನಷ್ಟು ತೆಳ್ಳಗಿನ ಹೇರ್ ಸ್ಪ್ರಿಂಗ್, ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತದೆ. ಅಯಸ್ಕಾಂತ ಹಿಡಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗೆ. ಗಿಡ್ಡ ಸ್ಪ್ರಿಂಗ್ ಬಿಗಿ ಜಾಸ್ತಿ, ಚಕ್ರ ಬೇಗ ಬೇಗ ತೂಗುತ್ತದೆ. ದಿನಕ್ಕೆ 86,400 ಸೆಕೆಂಡು, ನಿಮ್ಮ 10 ನಿಮಿಷ ಅಂದರೆ 600 ಸೆಕೆಂಡು. ಶೇಕಡಾ ಒಂದೂ ಇಲ್ಲ. ಅಷ್ಟಕ್ಕೇ ವಾಚು ಕೆಟ್ಟಿದೆ ಅನಿಸಿಬಿಡುತ್ತದೆ.

ಆ ಹಿರಿಯರ ಹತ್ತಿರ ಹಿಡಿದ ಅಯಸ್ಕಾಂತ ತೆಗೆಯುವ ಒಂದು ಪುಟ್ಟ ನೀಲಿ ಡಬ್ಬಿ (ಡಿಮ್ಯಾಗ್ನೆಟೈಸರ್) ಇತ್ತು. ವಾಚನ್ನು ಅದರ ಮೇಲಿಟ್ಟು, ಗುಂಡಿ ಒತ್ತಿ ಹಿಡಿದು, ವಾಚನ್ನು ನಿಧಾನವಾಗಿ ಮೇಲಕ್ಕೆತ್ತುತ್ತಾ ಒಂದು ಕೈಯಳತೆ ದೂರ ಒಯ್ದ ಮೇಲೆ ಗುಂಡಿ ಬಿಟ್ಟರು. ವಾಚು ಹತ್ತಿರ ಇರುವಾಗಲೇ ಗುಂಡಿ ಬಿಟ್ಟರೆ ಅಯಸ್ಕಾಂತ ಉಳಿದೇ ಹೋಗುತ್ತದಂತೆ. ಮತ್ತೆ ದಿಕ್ಸೂಚಿ ಇಟ್ಟರು, ಮುಳ್ಳು ಅಲುಗಲಿಲ್ಲ. ಅರ್ಧ ನಿಮಿಷದ ಕೆಲಸ. ಆದರೆ ಮೊದಲ ಅಂಗಡಿಯವರು ಕಡ್ಡಿ ತಳ್ಳಿದ್ದರಲ್ಲ, ಅದರಿಂದ ಮರುದಿನ ವಾಚು ಹಿಂದೆ ಬಿತ್ತು. ಕಡ್ಡಿಯನ್ನು ಮೊದಲಿನ ಜಾಗಕ್ಕೆ ತರಿಸಿಕೊಳ್ಳಲು ಇನ್ನೊಂದು ಸಲ ಬಸ್ ಹತ್ತಬೇಕಾಯಿತು. ಹಾಗಾಗಿ ಮೊದಲು ಅಯಸ್ಕಾಂತ ತೆಗೆಸಿ, ಆ ಕಡ್ಡಿಯನ್ನು ಮುಟ್ಟಿಸುವುದು ಆಮೇಲೆ.

ನೀವು ಮನೆಯಲ್ಲೇ ನೋಡಬಹುದು. ಮಕ್ಕಳ ಜಾಮಿಟ್ರಿ ಬಾಕ್ಸಿನದಲ್ಲ, ದಿಕ್ಕು ತೋರಿಸುವ ಕಂಪಾಸ್ ಬೇಕು. ಸ್ಟೀಲ್ ಚೈನ್ ಇದ್ದರೆ ಬಿಚ್ಚಿಡಿ, ಕೆಲವೊಮ್ಮೆ ಅಯಸ್ಕಾಂತ ಹಿಡಿದಿರುವುದು ಚೈನಿಗೇ. ಮುಳ್ಳು ತಿರುಗಲೇ ಇಲ್ಲ ಅಂದರೆ ಕಾರಣ ಬೇರೆ. ಕೈಜಾರಿ ಬಿದ್ದು ಹೇರ್ ಸ್ಪ್ರಿಂಗಿನ ಸುತ್ತು ಸಿಕ್ಕಿಕೊಂಡಿರಬಹುದು, ಇಲ್ಲಾ ಎಣ್ಣೆ ತಗಲಿ ಅಂಟಿರಬಹುದು. ಆಗ ಪೂರ್ತಿ ಬಿಚ್ಚಿ ತೊಳೆಯುವವರ ಹತ್ತಿರವೇ ಕೊಡಬೇಕು.

ಮೆಷಿನ್ ಬದಲಾಯಿಸಬೇಡಿ ಅಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿತು. 2016ರಲ್ಲಿ ಆ ವಾಚು ಕಂಪನಿ ಮುಚ್ಚಲು ಸರ್ಕಾರ ತೀರ್ಮಾನಿಸಿತು. ಈಗ ಮಾರುಕಟ್ಟೆಯಲ್ಲಿ ಹಳೇ ಮೆಷಿನ್ನಿಗೆ ಹೊಸ ಬಣ್ಣದ ಡಯಲ್ ಅಂಟಿಸಿ ಮಾರುವುದು ಬೇಕಾದಷ್ಟಿದೆ. ನಿಮ್ಮಜ್ಜನ ವಾಚಿನಲ್ಲಿ ಅವರ ಕಾಲದ್ದೇ ಡಯಲ್, ಅವರು ದಿನಾ ಕೀ ಕೊಟ್ಟ ಅದೇ ಸ್ಪ್ರಿಂಗ್ ಇದೆ. ಡಯಲ್ ಹಳದಿಯಾಗಿದ್ದರೂ ಬಣ್ಣ ಹಾಕಿಸಬೇಡಿ.

ಅಯಸ್ಕಾಂತ ತೆಗೆಸಿದ ಮೇಲೆ ಒಂದು ವಾರ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಬಿಗಿಯಾದ ಕೂಡಲೇ ನಿಲ್ಲಿಸಿ. ಎಷ್ಟು ಮುಂದೆ, ಎಷ್ಟು ಹಿಂದೆ ಎಂದು ಕ್ಯಾಲೆಂಡರ್ ಮೇಲೆ ಬರೆಯಿರಿ. ಇಷ್ಟು ಹಳೇ ವಾಚು ದಿನಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಹೆಚ್ಚುಕಡಿಮೆ ಆದರೆ ಅದು ಚೆನ್ನಾಗಿಯೇ ಇದೆ. ರಾತ್ರಿ ಫೋನು, ಸ್ಪೀಕರು, ಅಯಸ್ಕಾಂತದ ಮುಚ್ಚಳದ ಪರ್ಸು ಇವುಗಳಿಂದ ದೂರ ಇಡಿ. ನಮ್ಮಪ್ಪನದು ಈಗ ಕುಂಕುಮದ ಹಳೇ ಮರದ ಡಬ್ಬಿಯಲ್ಲಿ ಮಲಗುತ್ತದೆ, ಇವತ್ತು ಬೆಳಿಗ್ಗೆ 20 ಸೆಕೆಂಡು ಮುಂದಿತ್ತು.